ದೋಣಿಪೇಟೆಯ ಹಿಂಬದಿ

“ಕೇಳಿರಪ್ಪೋ ಕೇಳಿ! ರಾಣಿ ಮಾಳಲದೇವಿಯವರ ಮೂರು ಒಗಟು ಬಿಡಿಸಿದವರಿಗೆ ದೋಣಿಪೇಟೆಯ ಪಟ, ಜೊತೆಗೆ ಅರಮನೆಯಲ್ಲೇ ಮನೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಪಟ ಬೆಂಕಿಗೆ!”

ಡಂಗುರದವನು ಹೀಗೆ ಸಾರಿಹೋದಾಗ ರಾಜಧಾನಿ ಬೆಳ್ಗಡದ ಜನ ಕೈಲಿದ್ದ ಕೆಲಸ ಬಿಟ್ಟು ಬೀದಿಗೆ ಬಂದರು. ನಿಜವಾದ ದೋಣಿಪೇಟೆಯನ್ನು ಶತ್ರುಗಳು ಹೊಳೆ ದಾಟಿ ಬಂದು ಸುಟ್ಟು ಮೂವತ್ತು ವರ್ಷವಾಗಿತ್ತು. ಆ ದಿನ ಹೊಳೆ ತುಂಬಿ ಬಂದಿದ್ದರೆ? ಶತ್ರು ದಾಟಲಾಗದೆ ಹಿಂದಿರುಗಿದ್ದರೆ? ಹಾಗೆಂದುಕೊಂಡು ಕೇತಣ್ಣ ಎಂಬವನು, ಸುಡದೆ ಉಳಿದ ದೋಣಿಪೇಟೆಯನ್ನು ದೊಡ್ಡದೊಂದು ಬಟ್ಟೆಯ ಮೇಲೆ ಬರೆದು ಆಟ ಕಟ್ಟಿದ್ದ. ಅದೇ ಈ ಪಟ. ಕವಡೆ ಹಾಕುವುದು, ಕಾಯಿ ನಡೆಸುವುದು, ಒಬ್ಬರು ಅಂಬಿಗರಾಗಿ ಇನ್ನೊಬ್ಬರು ಬಳೆಗಾರರಾಗಿ ಆ ಊರಿನಲ್ಲಿ ಬದುಕುವುದು, ಅಷ್ಟೇ. ಗೆಲುವೂ ಇಲ್ಲ, ಸೋಲೂ ಇಲ್ಲ. ಸಂಜೆಯಾದರೆ ಅರಮನೆಯವರೂ ಆಳುಗಳೂ ಒಟ್ಟಿಗೆ ಕೂತು ಆಡುತ್ತಿದ್ದರು. ಎಂಥ ಸಂಜೆಗಳಪ್ಪಾ ಅವು! ಇಪ್ಪತ್ತು ವರ್ಷದ ಹಿಂದೆ ಕೇತಣ್ಣ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೊರಟುಹೋದ. ಆಟ ಆಸ್ಥಾನದವರ ಕೈಗೆ ಬಿತ್ತು.

ಮೊದಲು ಬಂದವನು ದಂಡನಾಯಕರ ಮಗ. ರಾಣಿ ಕೇಳಿದಳು: “ಮಡಿಚಿದರೆ ಕಂಕುಳಲ್ಲಿ ಹಿಡಿಸುವ ಊರು, ಬಿಡಿಸಿದರೆ ನೂರು ಜನ ಬಾಳುವ ಊರು. ಅಲ್ಲಿ ಒಲೆ ಉರಿಯುತ್ತದೆ, ಹೊಗೆ ಬರುವುದಿಲ್ಲ. ಯಾವುದು?”

“ಈ ಪಟವೇ,” ಎಂದ. ಅದನ್ನು ಯಾರು ಬೇಕಾದರೂ ಹೇಳುತ್ತಿದ್ದರು ಬಿಡಿ.

“ಕಟ್ಟಿದವನು ಹೋದ ಮೇಲೆ ಊರು ಬೆಳೆಯುತ್ತಲೇ ಹೋಯಿತು. ಬೆಳೆದಷ್ಟೂ ಇರಲು ಜಾಗವಿಲ್ಲದಾಯಿತು. ಹೇಗೆ?”

“ಜನ ಹೆಚ್ಚಿದರು,” ಎಂದ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಮಾರನೆಯ ದಿನ ಬಂದ ಆಸ್ಥಾನ ಪಂಡಿತರು ಬಹಳ ಯೋಚಿಸಿ, “ಒಗೆದಾಗ ಬಟ್ಟೆ ಕುಗ್ಗಿರಬೇಕು,” ಎಂದರು. ಅವರೂ ಹೋದರು. ಇಬ್ಬರ ತಲೆಗೂ ಅಮಾವಾಸ್ಯೆಯ ಗಡುವು.

ಗಡುವಿನ ದಿನ ಬಂದವನು ತಿರಕಪ್ಪ. ಬಟ್ಟೆಗೆ ಬಣ್ಣ ಹಾಕುವವನು, ಮೊಣಕೈವರೆಗೂ ನೀಲಿ. ಆ ಪಟಕ್ಕೆ ಬಣ್ಣ ಕೊಟ್ಟವಳು ಅವನ ಅಜ್ಜಿ. ಅಜ್ಜಿ ತೀರಿಕೊಂಡಿದ್ದಳು. ಅವಳ ಕೈಕೆಲಸವೆಂದು ಲೋಕದಲ್ಲಿ ಉಳಿದಿದ್ದು ಅದೊಂದೇ. ಅದು ಸುಟ್ಟುಹೋಗುವುದನ್ನು ನೋಡಿಕೊಂಡಿರಲು ಅವನಿಂದಾಗಲಿಲ್ಲ.

ಮೊದಲನೆಯದನ್ನು ಹೇಳಿ ಮುಗಿಸಿ, ಎರಡನೆಯದಕ್ಕೆ ಅವನು ಪಟದ ಮೇಲೆ ಬಗ್ಗಿದ.

“ಕೋಟೆ ಬರೆಯೋಕೆ ಜಾಗ ಬೇಕಲ್ಲ ತಾಯಿ. ಬಳೆಗಾರರ ಓಣಿ ಮುಚ್ಚಿ ಫಿರಂಗಿ ಸಾಲು ಬರೆದವ್ರೆ. ಸಂತೆಮಾಳ ಹೋಗಿ ಕುದುರೆಲಾಯ ಬಂದದೆ. ಆಟದಲ್ಲಿ ಊರು ಏಳು ರಾಜ್ಯ ಗೆದ್ದಿತು. ಆದ್ರೆ ಸಂಜೆ ಕೂತು ಎಲೆಅಡಿಕೆ ಹಾಕ್ಕೊಳ್ಳೋಕೆ ಒಂದು ಜಗಲಿ ಉಳೀಲಿಲ್ಲ.”

ರಾಣಿ ಸರಿಯೆಂದು ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಕಟ್ಟಿದವನನ್ನು ಯಾರೂ ಬೈಯಲಿಲ್ಲ, ಯಾರೂ ಅಟ್ಟಲಿಲ್ಲ. ತನ್ನ ಊರನ್ನು ತಾನೇ ಬಿಟ್ಟು ಯಾಕೆ ಹೋದ?”

“ಪಟ ಮಗುಚಿ ಹಾಕಿಸಿ ತಾಯಿ.”

ನಾಲ್ವರು ಹಿಡಿದು ಮಗುಚಿದರು. ಸಭೆಯೇ ಎದ್ದು ನಿಂತಿತು. ಆಸ್ಥಾನದವರ ಬಣ್ಣ ಮೇಲೆ ಬಳಿದದ್ದು. ಅಜ್ಜಿಯ ಬಣ್ಣ ನೂಲಿಗೆ ಇಳಿದದ್ದು. ಹಿಂಬದಿಯಲ್ಲಿ ಹಳೆಯ ದೋಣಿಪೇಟೆ ಹಾಗೆಯೇ ಇತ್ತು: ಓಣಿ, ಸಂತೆ, ದೋಣಿಗಟ್ಟೆ. ಕಟ್ಟೆಯ ಪಕ್ಕ ಒಂದು ಕೆಂಪು ಮನೆ.

“ಊರು ಸುಟ್ಟ ಬೆಂಕಿಯಲ್ಲಿ ಕೇತಣ್ಣನ ಮಗಳು ಹೋದ್ಲು. ಆರು ವರ್ಷದ ಕೂಸು. ಅವಳ ಲಂಗದ ಚೂರು ತಂದು, ‘ಈ ಮನೆಗೆ ಇದೇ ಕೆಂಪು ಹಾಕಿಕೊಡವ್ವ’ ಅಂದನಂತೆ ನಮ್ಮಜ್ಜಿಗೆ. ಈ ಊರಲ್ಲಿ ಆ ಕೂಸು ಬದುಕಿತ್ತು ತಾಯಿ. ಈಗ ಮುಂಬದಿಯಲ್ಲಿ ಆ ಜಾಗದಲ್ಲಿ ಏನಿದೆ ನೋಡಿ.”

ರಾಣಿ ನೋಡಬೇಕಾಗಿರಲಿಲ್ಲ. ಅಲ್ಲಿದ್ದದ್ದು ಆನೆಲಾಯ, ಆ ಪಟದ ಮೇಲೆ ಬಿದ್ದ ಮೊದಲ ಹೊಸ ಚಿತ್ರ. ಆಗ ಅವಳಿಗೆ ಎಂಟು ವರ್ಷ. ನನಗೆ ಆನೆ ಬೇಕು, ಹೊಳೆಯ ಹತ್ತಿರವೇ ಬೇಕು ಎಂದು ಹಟ ಹಿಡಿದಿದ್ದಳು. ಚಿತ್ರಗಾರ ಹಿಂದೆಮುಂದೆ ನೋಡಿದಾಗ, ಪಕ್ಕದಲ್ಲಿ ನಿಂತಿದ್ದ ಕೇತಣ್ಣನೇ, “ಮಗು ಕೇಳ್ತಿದೆ, ಬರೀರಪ್ಪ,” ಎಂದಿದ್ದ. ಮರುದಿನ ಬೆಳಿಗ್ಗೆ ಅವನಿರಲಿಲ್ಲ.

“ಈ ಒಗಟಿನ ಉತ್ತರ ನನಗೇ ಗೊತ್ತಿರಲಿಲ್ಲ,” ಎಂದು ರಾಣಿ ಸಭೆಯಲ್ಲೇ ಅತ್ತುಬಿಟ್ಟಳು. “ಅವನು ಹೋದದ್ದಕ್ಕೆ ಇಪ್ಪತ್ತು ವರ್ಷ ಎಲ್ಲರನ್ನೂ ದೂರಿದೆ, ಕೊನೆಗೆ ಪಟವನ್ನೇ ಸುಡಲು ಹೊರಟೆ. ನಿನಗೇನು ಬೇಕು ಕೇಳಪ್ಪ.”

“ಪಟ ಹೆಂಗೂ ಕೊಟ್ರಿ. ಆ ಇಬ್ಬರನ್ನೂ ಬಿಟ್ಟುಬಿಡಿ ತಾಯಿ. ಕೊನೇದು ನಿಮಗೂ ಗೊತ್ತಿರಲಿಲ್ಲ, ಎರಡನೇದು ಅವರಿಗೆ ಗೊತ್ತಾಗಲಿಲ್ಲ. ಅದಕ್ಕೆ ತಲೆ ತೆಗೆಯೋದು ನ್ಯಾಯ ಅಲ್ಲ.”

ಬಿಟ್ಟರು. ಪಂಡಿತರು ಹೊರಬರುತ್ತಲೇ ಪಟದ ಅಳತೆ ನೋಡಿದರಂತೆ.

ತಿರಕಪ್ಪ ಅರಮನೆಯಲ್ಲಿ ಮನೆ ಮಾಡಿಕೊಂಡ, ಮಂಜಿಷ್ಠದ ಬೇರು ಕುದಿಸಿ ಕೆಂಪು ಮನೆಗೆ ಮತ್ತೆ ಬಣ್ಣ ಕೊಟ್ಟ. ಮುಂಬದಿಯನ್ನು ಅಳಿಸಲು ಮಾತ್ರ ಒಪ್ಪಲಿಲ್ಲ. ಅದೂ ಒಂದು ಮಗುವಿನ ಆನೆ ತಾನೆ, ಎಂದ. ಬೆಳ್ಗಡದಲ್ಲಿ ಇಂದಿಗೂ ಆ ಪಟವನ್ನು ಹಿಂಬದಿ ಮೇಲೆ ಮಾಡಿಯೇ ಹಾಸುತ್ತಾರೆ. ಕವಡೆ ಎಷ್ಟೇ ಬೀಳಲಿ, ಕೆಂಪು ಮನೆಯ ಮೇಲೆ ಯಾರೂ ಕಾಯಿ ಇಡುವುದಿಲ್ಲ. ಒಳಗೆ ಮಗು ಇದೆ.