ಹನೋಕಪ್ಪ ಕಂಡ ಬೆಳಕು

ಬೆಟಗೇರಿಯಲ್ಲಿ ಹನೋಕಪ್ಪ ಎಂಬ ನೇಕಾರನಿದ್ದ. ಚಿಕ್ಕಂದಿನಲ್ಲಿ ಜಾಲಿಮುಳ್ಳು ಚುಚ್ಚಿ ಅವನ ಎಡಗಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಅವನು ಸೀರೆ ನೇಯ್ದ, ಮದುವೆಯಾದ, ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ. ಊಟಕ್ಕೆ ಮೊದಲು ದೇವರಿಗೆ ಸ್ತೋತ್ರ ಹೇಳುತ್ತಿದ್ದ. ಆದರೆ ಕಣ್ಣಿಗಾಗಿ ಒಂದು ದಿನವೂ ಸ್ತೋತ್ರ ಹೇಳಿದವನಲ್ಲ. ಕಣ್ಣು ಇದ್ದೇ ಇರುತ್ತದಲ್ಲ, ಅದಕ್ಕೇನು ಸ್ತೋತ್ರ?

ವಯಸ್ಸಾದಂತೆ ಆ ಕಣ್ಣಿಗೂ ಪೊರೆ ಬಂತು. ಮೊದಲು ನೂಲಿನ ಎಳೆಗಳು ಮಸುಕಾದವು. ಆಮೇಲೆ ಕೆಂಪು ಯಾವುದು, ಹಸಿರು ಯಾವುದು ತಿಳಿಯದಾಯಿತು. ಕೊನೆಗೆ ಗೋಡೆ ಸವರಿ ಬಾಗಿಲು ಹುಡುಕುವ ಹಾಗಾಯಿತು. ಮಗ್ಗದ ಸದ್ದು ನಿಂತಿತು.

ಹೆಂಡತಿ ರೂತವ್ವ ಕೈಹಿಡಿದು ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಇರುವುದೇ ಒಂದು ಕಣ್ಣು. ಅದೂ ಕೈಕೊಟ್ಟರೆ ಬದುಕೆಲ್ಲ ಕತ್ತಲೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನ ಕಾಲುಗಳು ನಡುಗಿದವು. "ಯೇಸಪ್ಪಾ, ನೀನೇ ಜೊತೀಗಿರು" ಎಂದು ಒಳಗೆ ಹೋದ.

ಮರುದಿನ ಮುಂಜಾನೆ ಪಟ್ಟಿ ಬಿಚ್ಚಿದರು. ಮೊದಲು ಬರೀ ಬೆಳಕು. ಆ ಬೆಳಕಿನೊಳಗಿಂದ ನಿಧಾನವಾಗಿ ತನ್ನದೇ ಕೈ ಮೂಡಿಬಂತು. ಬೆರಳು, ಉಗುರು, ಅಂಗೈಯ ಗೆರೆ. ಕಿಟಕಿಯಾಚೆ ಬೇವಿನ ಮರವಿತ್ತು. ಅದರ ಒಂದೊಂದು ಎಲೆಯೂ ಬೇರೆಬೇರೆಯಾಗಿ ಅಲುಗುತ್ತಿತ್ತು. ಲೋಟದ ನೀರಿಗೆ ಬಿಸಿಲು ಬಿದ್ದು, ಮೇಲೆ ಚಾವಣಿಯಲ್ಲಿ ಕುಣಿಯುತ್ತಿತ್ತು. ಹನೋಕಪ್ಪ ಉಸಿರು ಬಿಗಿಹಿಡಿದು ನೋಡಿದ. ಇದೆಲ್ಲ ದಿನಾ ಹೀಗೇ ನಡೆಯುತ್ತಿತ್ತೇ? ತಾನೇಕೆ ಒಮ್ಮೆಯೂ ನೋಡಲಿಲ್ಲ?

ಆಮೇಲೆ ಹೆಂಡತಿಯ ಕಡೆ ತಿರುಗಿದ.

"ರೂತಾ, ನಿನ್ನ ಕೂದಲಾ ಯಾವಾಗ ಹಿಂಗ ಬೆಳ್ಳಗಾದುವು?"

"ನಿಮಗ ಕಾಣದಾಗ ಆದುವು" ಎಂದು ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಅಲ್ಲೇ ನೆಲಕ್ಕೆ ಮೊಣಕಾಲೂರಿದ.

ಊರಿಗೆ ಬಂದವನು ಚರ್ಚಿನ ಸಭಾಪಾಲಕರ ಬಳಿ ಹೋದ. "ಅಯ್ಯನವರ, ಇಷ್ಟು ದೊಡ್ಡ ಉಪಕಾರಕ್ಕ ನಾ ದೇವರಿಗೆ ಏನು ಕೊಡ್ಲಿ?" ಎಂದು ಕೇಳಿದ.

"ಕಣ್ಣು ಕೊಟ್ಟಾವನ್ನ ಕೇಳ್ರಿ ಹನೋಕಪ್ಪ" ಎಂದರು ಅವರು. "ಇವತ್ತಿನ ದಿನಾ ಯಾಕ ಕೊಟ್ಟಿ ಅಂತ ಎದ್ದ ಕೂಡಲೆ ಕೇಳ್ರಿ."

ಅವನು ಕೇಳಿದ. ಉತ್ತರವೇನೂ ಕೇಳಿಸಲಿಲ್ಲ. ಆದರೆ ತನ್ನ ಕೈಗೆ ಗೊತ್ತಿದ್ದದ್ದು ನೇಯ್ಗೆ. ಸುಗ್ಗಿ ಹಬ್ಬದ ದಿನ ಚರ್ಚಿನ ಮೇಜಿಗೆ ಹಾಸಲು ಒಂದು ಬಿಳಿ ಬಟ್ಟೆ ನೇಯಬೇಕೆಂದು ನಿಶ್ಚಯಿಸಿದ. ಅಂಚಿಗೆ ಜೋಳದ ತೆನೆಗಳ ಸಾಲು. ಅಂಥದ್ದನ್ನು ಅವನು ಹಿಂದೆಂದೂ ನೇಯ್ದಿರಲಿಲ್ಲ. ಒಂದೊಂದು ಎಳೆ ಕೂಡುವಾಗಲೂ, "ಇದೂ ಕಾಣ್ತೈತಲ್ಲಪ್ಪಾ!" ಎಂದು ಒಳಗೊಳಗೇ ಬೆರಗಾಗುತ್ತಿದ್ದ.

ಹಬ್ಬ ಹತ್ತಿರ ಬಂತು. ತೆನೆಗಳ ಸಾಲು ಇನ್ನೂ ಅರ್ಧ ಉಳಿದಿತ್ತು. ಆಗ ಹಿಂದಿನ ಓಣಿಯ ದ್ಯಾಮವ್ವ ಓಡುತ್ತ ಬಂದಳು.

"ಯಣ್ಣಾ, ನಮ್ಮವ್ವ ಫಕೀರವ್ವ ಆಸ್ಪತ್ರ್ಯಾಗ ಅದಾಳ. ಆಪರೇಷನ್ ಒಲ್ಲೆ ಅಂತ ಮಂಚಾ ಹಿಡದು ಕುಂತಾಳ. ಇನ್ನ ತಡಾ ಮಾಡಿದ್ರ ಕಣ್ಣ ಉಳಿಯೂದಿಲ್ಲ ಅಂತಾರ ಡಾಕ್ಟರು. ನಿನ್ನ ಮಾತರ ಕೇಳ್ಯಾಳು, ಬಾ."

ಹನೋಕಪ್ಪ ಮಗ್ಗವನ್ನು ನೋಡಿದ. ಈಗ ಎದ್ದರೆ ಹಬ್ಬಕ್ಕೆ ಬಟ್ಟೆ ಮುಗಿಯುವುದಿಲ್ಲ. ಇದು ದೇವರ ಕೆಲಸವಲ್ಲವೇ? ಕೈ ನೂಲಿನ ಮೇಲೆ ಹಾಗೇ ನಿಂತಿತು. ದ್ಯಾಮವ್ವ ಬಿಕ್ಕುತ್ತಿದ್ದಳು. ತಾನೂ ಆ ಬಾಗಿಲಲ್ಲಿ ನಡುಗುತ್ತ ನಿಂತದ್ದು ಅವನಿಗೆ ನೆನಪಾಯಿತು. ಲಾಳಿಯನ್ನು ಕೆಳಗಿಟ್ಟು ಎದ್ದ.

ಆಸ್ಪತ್ರೆಯಲ್ಲಿ ಫಕೀರವ್ವ ಮೊದಲು ಅವನ ಮಾತಿಗೆ ಕಿವಿಗೊಡಲೇ ಇಲ್ಲ. ಅವನೂ ಒತ್ತಾಯ ಮಾಡಲಿಲ್ಲ. ಮಂಚದ ಪಕ್ಕದಲ್ಲೇ ಕುಳಿತ. ಸಂಜೆಯ ಹೊತ್ತಿಗೆ ಅವಳೇ ಬಾಯಿಬಿಟ್ಟಳು.

"ಯಣ್ಣಾ, ನಿನಗ ಅಂಜಿಕಿ ಆಗಲಿಲ್ಲೇನು?"

"ಆತವ್ವ. ಕಾಲ ನಡುಗಿದ್ವು."

"ಮತ್ತ?"

"ನಡುಗ್ಕೋತನ ಒಳಗ ಹೋದೆ. ಒಳಗ ನಾ ಒಬ್ಬನ ಇರಲಿಲ್ಲ."

ಫಕೀರವ್ವ ಗಾಳಿಯಲ್ಲಿ ಕೈ ಚಾಚಿ, "ಬಾಗಲಾ ತನಕಾ ಕೈ ಬಿಡಬ್ಯಾಡ" ಎಂದಳು.

ಅವನು ಬಿಡಲಿಲ್ಲ. ಆಪರೇಷನ್ ಆಯಿತು. ಪಟ್ಟಿ ಬಿಚ್ಚುವಾಗಲೂ ಅವನು ಅಲ್ಲೇ ಇದ್ದ. ದ್ಯಾಮವ್ವ ತನ್ನ ಹಸುಗೂಸನ್ನು ಅಜ್ಜಿಯ ಮುಖದ ಮುಂದೆ ಹಿಡಿದಿದ್ದಳು. ಕೂಸು ಹುಟ್ಟಿದಾಗಿನಿಂದ ಅಜ್ಜಿ ಅದರ ಮುಖ ಕಂಡಿರಲಿಲ್ಲ. ಫಕೀರವ್ವನ ರೆಪ್ಪೆ ಅಲುಗಿತು. ಕಣ್ಣು ತಡವರಿಸಿತು, ಹುಡುಕಿತು, ಕೂಸಿನ ಮೇಲೆ ನಿಂತಿತು. ಆಮೇಲೆ ಆ ಸುಕ್ಕುಗಟ್ಟಿದ ಮುಖವೆಲ್ಲ ಹೊತ್ತು ಮೂಡಿದ ಹಾಗೆ ಬೆಳಗಿತು.

"ಅಯ್ಯ ನಮ್ಮವ್ವಾ, ಗಲ್ಲದ ಮ್ಯಾಲ ಗುಳಿ ಬೀಳ್ತೈತಲ್ಲಾ!" ಎಂದು ಕೂಗಿದಳು.

ಹನೋಕಪ್ಪನ ಮೈ ಜುಮ್ಮೆಂದಿತು. ತನಗೆ ಕಣ್ಣು ಬಂದ ದಿನ ಅವನು ಬೆಳಕು ಕಂಡಿದ್ದ. ಇವತ್ತು ಬೆಳಕು ಇನ್ನೊಬ್ಬರೊಳಗೆ ಬರುವುದನ್ನೇ ಕಂಡ. ದೇವರು ಈ ಕೋಣೆಯಲ್ಲೇ ನಿಂತಿದ್ದಾನೆ ಎನಿಸಿ ಅವನು ಮೆಲ್ಲನೆ ಚಪ್ಪಲಿ ಕಳಚಿದ.

ಅಂದೇ ಊರಿನಲ್ಲಿ ಸುಗ್ಗಿ ಹಬ್ಬ. ಚರ್ಚಿನ ಮೇಜಿನ ಮೇಲೆ ಹಳೆಯ ಬಟ್ಟೆಯೇ ಇತ್ತು. ಜನ ಹಾಡಿದರು, ಪ್ರಾರ್ಥಿಸಿದರು, ಯಾವುದಕ್ಕೂ ಕೊರತೆಯಾಗಲಿಲ್ಲ.

ಇತ್ತ ಹನೋಕಪ್ಪ ಆಸ್ಪತ್ರೆಯಿಂದ ಮನೆಗೆ ಹೊರಟ. ಆಪರೇಷನ್ ಕೋಣೆಯ ಹೊರಗೆ ಉದ್ದನೆಯ ಬೆಂಚಿನ ಮೇಲೆ ಕಣ್ಣು ಕಾಣದ ಒಬ್ಬ ಮುದುಕ ಕುಳಿತಿದ್ದ. ಹೆಜ್ಜೆಯ ಸದ್ದಿಗೆ ತಲೆಯೆತ್ತಿ ಕೇಳಿದ.

"ಯಾರ್ರೀ ಅದು? ಒಳಗ ಕರಿಯಾಕ ಬಂದ್ರೇನು? ನನಗ್ಯಾಕೋ ಎದೀ ಡವಡವಾ ಅಂತೈತಿ."

ಹನೋಕಪ್ಪ ಅವನ ಪಕ್ಕದಲ್ಲಿ ಕುಳಿತ.

"ಆಸ್ಪತ್ರಿಯವರಲ್ರೀ, ನಾನು ನೇಕಾರ ಹನೋಕಪ್ಪ. ಕೈ ಕೊಡ್ರಿ ಇಲ್ಲೆ."

ನೀತಿ: ಕಣ್ಣು ತೆರೆದರೆ ಕಾಣುವ ಪ್ರತಿ ಮುಂಜಾನೆಯೂ ದೇವರು ಹೊಸದಾಗಿ ಕೊಟ್ಟ ವರ. ಕಳೆದುಕೊಳ್ಳುವ ಮೊದಲೇ ಅದಕ್ಕೆ ಸ್ತೋತ್ರ ಹೇಳೋಣ. ನಾವು ಪಡೆದ ಕೃಪೆಯನ್ನು ಆ ದಿನ ಅಂಜಿ ಕುಳಿತವರ ಬಳಿಗೆ ಒಯ್ಯೋಣ. ಯೇಸುವಿನ ಮಕ್ಕಳಿಗೆ ಒಂದೊಂದು ದಿನವೂ ಸಿಗುವುದು ಅದಕ್ಕಾಗಿಯೇ.