ಬೆಳಕಿನ ವಸ್ತ್ರಗಾಳಿತ

ಬೆಳಕಿನ ಅಲೆಯನ್ನು ಈ ಭೂಮಿಯ ಮೇಲೆ ಮೊಟ್ಟಮೊದಲು ಅಳೆದವನು ನಾನು.

ಸುಳ್ಳು. ನಾನು ಪಂಚೆಯನ್ನೂ ಸರಿಯಾಗಿ ಅಳೆಸಿಕೊಂಡವನಲ್ಲ. ಅಳೆದವನು ಪಂಪಣ್ಣ. ಅವನೂ ಮೊದಲನೆಯವನಲ್ಲ. ಆದರೆ ಕಥೆ ಅವನದು. ಈ ಅಂಗಡಿಯವನಿಗೆ ಒಂದು ಚಹಾ ಹೇಳಿ, ಹೇಳುತ್ತೇನೆ.

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಶಂಭುಲಿಂಗಯ್ಯ ಎಂಬ ಮುದಿ ವೈದ್ಯರು. ಎಲ್ಲರಿಗೂ ಅಜ್ಜಯ್ಯ. ಅವರ ಶಿಷ್ಯ ಪಂಪಣ್ಣ.

ಪಂಪಣ್ಣನ ಕೆಲಸ ವಸ್ತ್ರಗಾಳಿತ. ಕುಟ್ಟಿದ ಬೇರು, ಹಿಪ್ಪಲಿಗಳನ್ನು ತೆಳು ಬಟ್ಟೆಯಲ್ಲಿ ಸೋಸಿ ನುಣ್ಣನೆಯ ಪುಡಿ ಇಳಿಸುವುದು. ಬಂದಾಗಿನಿಂದ ಅದೇ.

"ಅಜ್ಜಯ್ಯ, ನನ್ನನ್ನು ಔಷಧ ಕೊಡೋಕೆ ಯಾವಾಗ ಕೂರಿಸ್ತೀರಿ?"

"ಒಂದು ಗುಲಗಂಜಿ ತೂಕ ಹೆಚ್ಚಾದರೆ ಔಷಧ ಏನಾಗುತ್ತೆ?"

"ವಿಷ ಆಗುತ್ತೆ."

"ಹಾಗಾದರೆ ಮೊದಲು ಅಳೆಯೋದು ಕಲಿ. ಬೆಳಕಿನ ಅಲೆ ಅಳೆದು ತಾ. ನನಗೆ ಒಪ್ಪಿಗೆಯಾದರೆ ಔಷಧದ ಪೆಟ್ಟಿಗೆಯ ಕೀಲಿಕೈ ನಿನ್ನದು. ಇಲ್ಲದಿದ್ದರೆ ನಿನ್ನ ಸೋದರಮಾವನ ಬಳೆ ಅಂಗಡಿ ಇದ್ದೇ ಇದೆಯಲ್ಲ."

ಬಳೆ ಅಂಗಡಿ ಪಂಪಣ್ಣನಿಗೆ ಬೇಡವೇ ಬೇಡವಾಗಿತ್ತು.

ಸಂಜೆ ಪಡಸಾಲೆಯ ಕದ ಮುಚ್ಚಿದರು. ಅಜ್ಜಯ್ಯ ಸ್ಪಿರಿಟ್ ದೀಪದ ಬತ್ತಿಗೆ ಉಪ್ಪು ಸವರಿದರು. ಉರಿ ಹಳದಿಯಾಯಿತು. ದೀಪದ ಮುಂದೆ ಒಂದು ತಗಡು. ತಗಡಿನಲ್ಲಿ ಕೂದಲೆಳೆಯಷ್ಟು ಸೀಳು. ಸೀಳಿನ ಪಕ್ಕ ಅಡ್ಡಲಾಗಿ ಒಂದು ಅಳತೆಪಟ್ಟಿ.

"ಆ ತುದಿಗೆ ಹೋಗಿ ನಿಲ್ಲು. ನಿನ್ನ ಸೋಸೋ ಬಟ್ಟೆ ಕಣ್ಣಿಗೆ ಅಡ್ಡ ಹಿಡಿ."

ಹಿಡಿದ.

"ಇದ್ದದ್ದು ಒಂದೇ ಗೆರೆ ಅಜ್ಜಯ್ಯ. ಈಗ ಸಾಲಾಗಿ ನಿಂತಿವೆ. ನಡುನಡುವೆ ಕತ್ತಲೆ."

"ಹೂಂ."

"ಆ ಕತ್ತಲೆ ಜಾಗದ ಬೆಳಕು ಬಟ್ಟೆಯಲ್ಲೇ ನಿಂತುಬಿಡ್ತಾ, ತರಿ ನಿಲ್ಲೋ ಹಾಗೆ?"

"ಕೊಡವಿ ನೋಡು."

ಪಂಪಣ್ಣ ನಿಜವಾಗಿಯೂ ಕೊಡವಿದ. ಹಿಪ್ಪಲಿ ಪುಡಿ ಮೂಗಿಗೆ ಏರಿತು. ಸೀನಿ ಸೀನಿ ಕಂಬ ಹಿಡಿದು ಕೂತ.

"ಬೆಳಕು ಸಿಕ್ಕಿತೇ?"

"ಸೀನು ಸಿಕ್ಕಿತು."

ಬೆಳಿಗ್ಗೆ ಅಜ್ಜಯ್ಯ ಅವನನ್ನು ಹೊಳೆಗೆ ಕರೆದೊಯ್ದು, ಎರಡು ಕಲ್ಲುಗಳನ್ನು ಒಟ್ಟಿಗೆ ಮಡುವಿಗೆ ಎಸೆದರು. ಏರುವ ಅಲೆಗೆ ಏರುವ ಅಲೆ ಸಿಕ್ಕ ಕಡೆ ನೀರು ಇಮ್ಮಡಿ ಎದ್ದಿತು. ಏರುವ ಅಲೆಗೆ ಇಳಿಯುವ ಅಲೆ ಸಿಕ್ಕ ಕಡೆ ನೀರು ಅಲುಗಲಿಲ್ಲ.

"ಎಳೆಗಳ ನಡುವಿನ ಒಂದೊಂದು ಸಂದೂ ಒಂದೊಂದು ಕಲ್ಲು ಅಂದುಕೋ. ಬೆಳಕು ಎಲ್ಲೂ ಸಿಕ್ಕಿಕೊಂಡಿಲ್ಲ. ಅಲ್ಲಿ ಸುಮ್ಮನಿದೆ, ಅಷ್ಟೇ."

"ಬಟ್ಟೆಯ ನೇಯ್ಗೆ ಇನ್ನೂ ಒತ್ತಾದರೆ?"

"ಪುಡಿ ಏನು ಮಾಡುತ್ತೆ?"

"ಕಡಿಮೆ ಇಳಿಯುತ್ತೆ."

"ಬೆಳಕನ್ನೂ ಕೇಳಿ ನೋಡು."

ಸಂಜೆ ಒತ್ತು ನೇಯ್ಗೆಯ ಬಟ್ಟೆ ಹಿಡಿದು ಕೇಳಿದ. ಗೆರೆಗಳು ಒಂದರಿಂದ ಒಂದು ಇನ್ನೂ ದೂರ ಸರಿದು ನಿಂತವು.

"ಇದೇನು ಅಜ್ಜಯ್ಯ, ಇಕ್ಕಟ್ಟು ಮಾಡಿದಷ್ಟೂ ಅಗಲ ಆಗುತ್ತೆ?"

"ಅದರ ಸ್ವಭಾವ. ಈಗ ಕೇಳು. ಎಳೆಯಿಂದ ಎಳೆಗೆ ಎಷ್ಟು, ಗೆರೆಯಿಂದ ಗೆರೆಗೆ ಎಷ್ಟು, ಪಡಸಾಲೆ ಎಷ್ಟು ಉದ್ದ. ಈ ಮೂರು ಸಿಕ್ಕಿದರೆ ಅಲೆ ಸಿಕ್ಕಿದ ಹಾಗೆ. ಈ ಹಳದಿ ಬೆಳಕಿನ ಅಲೆಗಳು ಒಂದು ಮಿಲಿಮೀಟರಿನಲ್ಲಿ ಸುಮಾರು ಸಾವಿರದ ಏಳುನೂರು ಹಿಡಿಸ್ತವೆ ಅಂತ ಪುಸ್ತಕದಲ್ಲಿದೆ."

"ಉತ್ತರ ನೀವೇ ಹೇಳಿಬಿಟ್ಟಿರಿ. ಇನ್ನು ಅಳೆಯೋದು ಯಾಕೆ?"

"ಅಳೆ."

ಮಾರನೆಯ ದಿನ ಅಜ್ಜಯ್ಯ ಹೊಸ ಕೈಮಗ್ಗದ ಬಟ್ಟೆಯಿಂದ ಒಂದು ತುಂಡು ಕತ್ತರಿಸಿ ಮಣೆಯ ಮೇಲೆ ಹಾಸಿದರು. ಮಣೆಯ ಅಂಚಿಗೂ ಬಟ್ಟೆಯ ಅಂಚಿಗೂ ಸರಿಹೋಯಿತು. ಪಂಪಣ್ಣ ಸೂಜಿಮೊನೆಯಿಂದ ಎಳೆಗಳನ್ನು ಎಣಿಸಿದ. ಅಜ್ಜಯ್ಯ ಪಕ್ಕದಲ್ಲೇ ಕೂತು ನೋಡಿದರು.

"ಎಣಿಸಿ ಆಯಿತೇ? ಇನ್ನು ಹೊಳೆಯಲ್ಲಿ ಚೆನ್ನಾಗಿ ಒಗೆದು ಒಣಗಿಸಿಕೊಂಡು ಬಾ. ಗಂಜಿ ಇದ್ದರೆ ಸಂದು ಮುಚ್ಚಿರುತ್ತೆ."

ಒಗೆದ. ಒಣಗಿಸಿದ. ಕಣ್ಣಿಗೆ ಹಿಡಿದು ಅಳೆದ. ಲೆಕ್ಕ ಹಾಕಿದ.

ಸಾವಿರದ ಐನೂರು ಬಂತು.

ಪಡಸಾಲೆಯನ್ನು ಮತ್ತೆ ಅಳೆದ. ಗೆರೆಗಳನ್ನು ಮತ್ತೆ ಅಳೆದ. ಎಳೆ ಎಣಿಸಿದ್ದು ಅಜ್ಜಯ್ಯನ ಕಣ್ಣೆದುರಿಗೇ, ಅದರಲ್ಲಿ ತಪ್ಪು ಎಲ್ಲಿಂದ ಬರಬೇಕು? ಎಷ್ಟು ಸಲ ಮಾಡಿದರೂ ಸಾವಿರದ ಐನೂರೇ.

ಅಡುಗೆಯ ತಿಪ್ಪಮ್ಮ ಅವನ ಮುಖ ನೋಡಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಏನೋ ಅದು, ಹೆಣ ಕಾಯೋನ ಹಾಗೆ ಕೂತಿದ್ದೀಯ?"

"ಇನ್ನೂರು ಕಡಿಮೆ ಬರುತ್ತೆ ತಿಪ್ಪಮ್ಮ."

"ಏಳುನೂರು ಅಂದುಬಿಡು ಮಗಾ. ಅಜ್ಜಯ್ಯನಿಗೆ ತಾಟಿನಲ್ಲಿರೋ ರೊಟ್ಟಿ ಕಾಣಲ್ಲ, ನಿನ್ನ ಅಲೆ ಕಾಣುತ್ತಾ? ನಿನಗಿಂತ ಮೊದಲು ಇದ್ದ ಇಬ್ಬರೂ ಅಷ್ಟೇ ಹೇಳಿದ್ದು."

"ಅವರಿಗೆ ಕೀಲಿಕೈ ಸಿಕ್ಕಿತಾ?"

"ಎಲ್ಲಿಯ ಕೀಲಿಕೈ. ಎಳನೀರು ಕುಡಿಸಿ ಹರಿಗೋಲು ಹತ್ತಿಸಿದರು."

ಸರಿಯಾಗಿ ಹೇಳಿದವರಿಗೇ ಈ ಗತಿ. ತಪ್ಪು ಹೇಳಿದರೆ ಎಳನೀರೂ ಇಲ್ಲ. ಪಂಪಣ್ಣ ಹೋಗಿ ಬಟ್ಟೆಬರೆ ಗಂಟು ಕಟ್ಟಿಕೊಂಡ. ಅಜ್ಜಯ್ಯನ ಮುಂದೆ ಬಂದು ನಿಂತ.

"ಎಷ್ಟು ಬಂತು?"

ಪಂಪಣ್ಣ ಬಾಯಿ ತೆರೆದ. ಏಳುನೂರು ನಾಲಿಗೆಯ ತುದಿಯಲ್ಲೇ ಇತ್ತು.

"ಸಾವಿರದ ಐನೂರು, ಅಜ್ಜಯ್ಯ."

"ಪುಸ್ತಕದಲ್ಲಿ?"

"ಸಾವಿರದ ಏಳುನೂರು."

"ಮಿಕ್ಕ ಇನ್ನೂರು?"

"ಹುಡುಕಿದೆ. ಸಿಗಲಿಲ್ಲ."

"ಕಂಕುಳಲ್ಲಿ ಏನದು?"

"ಗಂಟು. ಸಂಜೆಯ ಹರಿಗೋಲಿಗೆ."

ಅಜ್ಜಯ್ಯ ಮಣೆಯನ್ನು ಎಳೆದುಕೊಂಡು, ಆ ಒಗೆದ ಬಟ್ಟೆಯನ್ನು ಅದರ ಮೇಲೆ ಹಾಸಿ, ಸುಕ್ಕು ಬಿಡಿಸಿದರು.

ಬಟ್ಟೆ ಸಾಲಲಿಲ್ಲ. ಎರಡೂ ಕಡೆ ಬೆರಳಗಲ ಮರ ಕಂಡಿತು.

ಪಂಪಣ್ಣ ಗಂಟು ಕೆಳಗಿಟ್ಟ. ಸೂಜಿ ತಂದು ಎಳೆಗಳನ್ನು ಎಣಿಸಿದ. ಎಳೆಗಳು ಒತ್ತಾಗಿದ್ದವು. ಹೊಸ ಲೆಕ್ಕ ಹಾಕಿದ. ಇನ್ನೂರು ಬಂದು ಕೂತಿತು.

"ಒಗೆ ಅಂದವರು ನೀವೇ, ಅಜ್ಜಯ್ಯ."

"ಹೌದು."

"ಎಣಿಸಿದ ಮೇಲೆ ಒಗೆ ಅಂದಿರಿ."

"ಹೌದು."

"ಆ ಇಬ್ಬರಿಗೂ ಹಾಗೇ ಹೇಳಿದ್ದಿರಾ?"

"ಅದೇ ಮಗ್ಗದ ಬಟ್ಟೆ. ಅದೇ ಹೊಳೆ. ಅದೇ ಮಾತು."

"ಮತ್ತೆ ಅವರಿಗೆ ಸಾವಿರದ ಏಳುನೂರು ಹೇಗೆ ಬಂತು?"

ಅಜ್ಜಯ್ಯ ಉಡಿದಾರದಿಂದ ಕೀಲಿಕೈ ಬಿಚ್ಚಿದರು. ಮಣೆಯ ಮೇಲೆ, ಬಟ್ಟೆ ಬಿಟ್ಟುಕೊಟ್ಟ ಬೆರಳಗಲದ ಜಾಗದಲ್ಲಿ ಇಟ್ಟರು.

"ಅವರ ಬಟ್ಟೆ ಕುಗ್ಗಲಿಲ್ಲ ಅಂತ ಕಾಣುತ್ತೆ."

ಈ ಕಥೆಗೆ ನಾನು ಕುಡಿದದ್ದು ಎರಡು ಲೋಟ ಚಹಾ. ಅಂಗಡಿಯವನು ಮೂರು ಅನ್ನುತ್ತಾನೆ. ನೀವೇ ಕೊಟ್ಟುಬಿಡಿ, ಮೂರರದ್ದೇ ಕೊಡಿ.