ಬಾದಾಮಿ ಎಲೆ ಕೆಂಪಾದದ್ದು

ನೆಲದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲವದು, ಮಗಾ. ಮರಗಳಿಗೆಲ್ಲ ಗೊತ್ತಿದ್ದದ್ದು ಒಂದೇ ಬಣ್ಣ. ಮಳೆಗೂ ಹಸಿರು, ಚಳಿಗೂ ಹಸಿರು.

ಕಡಲ ದಂಡೆಯಲ್ಲಿ ಬೀರಮ್ಮ ಎಂಬ ಹೆಂಗಸಿದ್ದಳು. ಮನೆಯ ಸುತ್ತ ಆ ನೆಲದ್ದೇ ಗಿಡಗಳನ್ನು ನೆಟ್ಟಿದ್ದಳು. ಮುಂದೆ ಬಾದಾಮಿ, ಹಿಂದೆ ಬಸರಿ, ಬೇಲಿಗೆ ಕವಳಿ. ಬಸರಿ ಮರದ ತುಂಬ ಪುಟ್ಟ ಪುಟ್ಟ ಹಣ್ಣು. ತಿನ್ನಲು ಮಾತ್ರ ಯಾರೂ ಇಲ್ಲ.

ಒಂದು ದಿನ ಗಾಳಿ ಏದುಸಿರು ಬಿಡುತ್ತಾ ಬಂತು.

“ಬೀರಮ್ಮಾ, ಬಡಗಣ ದಿಕ್ಕಿಂದ ಕಬ್ಬಕ್ಕಿಗಳು ಬರ್ತಿವೆ. ತುಂಬಾ ಹಸಿದಿವೆ. ಮೇಲಿಂದ ನೋಡಿದ್ರೆ ಎಲ್ಲಾ ಹಸಿರು. ಹಣ್ಣು ಎಲ್ಲಿದೆ ಅಂತ ತಿಳೀದೆ ಕಡಲ ಮೇಲೇ ಹೋಗಿಬಿಡ್ತಿವೆ.”

“ಅಯ್ಯೋ, ಕಡಲಲ್ಲಿ ಕೂರೋಕೆ ಕೊಂಬೆ ಎಲ್ಲಿದೆ?”



ಹಿಂಡು ಬಂತು. ಬೀರಮ್ಮ ಸೆರಗು ಬೀಸಿದಳು, ಕೂಗಿದಳು. ಅಲೆಯ ಸದ್ದು ಅವಳ ಕೂಗನ್ನು ನುಂಗಿತು. ಹಕ್ಕಿಗಳು ಹಾರಿಹೋದವು. ಬೆಳಗಾದಾಗ ಒಂದು ಹಕ್ಕಿಯನ್ನು ಅಲೆ ತಂದು ದಡದಲ್ಲಿಟ್ಟಿತ್ತು. ಬೀರಮ್ಮ ಬೊಗಸೆಯಲ್ಲಿ ಎತ್ತಿಕೊಂಡಳು. ಅದಕ್ಕೆ ಉಸಿರಿರಲಿಲ್ಲ.

“ಇನ್ನೊಂದು ಹಿಂಡು ಹೊರಟಿದೆ,” ಎಂದಿತು ಗಾಳಿ.

ಬೀರಮ್ಮ ಗಿಡಗಳ ಬಳಿಗೆ ಓಡಿದಳು. “ಯಾರಾದ್ರೂ ಬಣ್ಣ ಬದಲಿಸ್ತೀರಾ? ದೂರಕ್ಕೆ ಕಾಣೋ ಹಾಗೆ?”

“ನನ್ನ ಶಕ್ತಿಯೆಲ್ಲ ಹಣ್ಣಿಗೇ ಹೋಯ್ತಲ್ಲಾ,” ಎಂದಿತು ಬಸರಿ.

“ನಾನು ಗಿಡ್ಡ. ಯಾರಿಗೆ ಕಾಣ್ತೀನಿ?” ಎಂದಿತು ಕವಳಿ.

ಬಾದಾಮಿ ಮೆಲ್ಲಗೆ ಕೇಳಿತು: “ನನ್ನೆಲೆ ಅಗಲ, ಕಾಣುತ್ತೆ. ಆದ್ರೆ ಹಸಿರು ಬಿಟ್ಟುಕೊಟ್ರೆ ಮತ್ತೆ ಬರುತ್ತಾ?”

ಬೀರಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಗೊತ್ತಿಲ್ಲ ಕಣೇ. ಇದುವರೆಗೆ ಯಾವ ಮರವೂ ಬಿಟ್ಟಿಲ್ಲ.”

ಬಾದಾಮಿ ಗಡಗಡ ನಡುಗಿತು. ನಡುಗುತ್ತಲೇ ಹಸಿರನ್ನೆಲ್ಲ ಕೆಳಗೆಳೆದುಕೊಂಡಿತು. ಒಂದು ಎಲೆ ಕೆಂಪಾಯಿತು. ಒಂದು ಕೊಂಬೆ ಕೆಂಪಾಯಿತು. ಇಡೀ ಮರ ಕೆಂಡದಂತಾಯಿತು.

ಹಿಂಡು ತಲೆಯ ಮೇಲೆ ಬಂತು. ದಾಟಿಯೇ ಹೋಯಿತು. ಬೀರಮ್ಮ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಒಂದು ಹಕ್ಕಿ ಕತ್ತು ಹೊರಳಿಸಿ, “ಅಲ್ನೋಡಿ, ಕೆಂಪು!” ಎಂದಿತು. ಹಿಂಡಿಗೆ ಹಿಂಡೇ ತಿರುಗಿ ಬಂದು ಬಸರಿಯ ಮೇಲೆ ಸುರಿಯಿತು.

ಆದರೆ ಬಾದಾಮಿಯ ಎಲೆಗಳು ಒಂದೊಂದೇ ಬಿದ್ದವು. ಮರ ಬೋಳಾಯಿತು. ಬೀರಮ್ಮ ದಿನವೂ ಬುಡಕ್ಕೆ ನೀರು ಹೊತ್ತು ಹಾಕಿ, “ಇದ್ದೀಯಾ?” ಎಂದು ಕೇಳುತ್ತಿದ್ದಳು. ಮರ ಮಾತಾಡಲಿಲ್ಲ. ಅವಳಿಗೆ ಅನ್ನ ಸೇರಲಿಲ್ಲ.

ಒಂದು ಬೆಳಗ್ಗೆ ಬೋಳು ಕೊಂಬೆಯ ಮೇಲಿದ್ದ ಕಬ್ಬಕ್ಕಿ ಥಟ್ಟನೆ ಕಾಲೆತ್ತಿತು. “ಬೀರಮ್ಮಾ, ಇಲ್ಲೇನೋ ಚುಚ್ಚುತ್ತೆ!”

ಅದು ಹಸಿರು ಚಿಗುರು. ಬೀರಮ್ಮ ಅಲ್ಲೇ ಮರಳಿನ ಮೇಲೆ ಕುಸಿದು ಕೂತು ಅತ್ತಳು.

ಅದಕ್ಕೇ ಮಗಾ, ಇವತ್ತಿಗೂ ಚಳಿ ಬಂದರೆ ಬಾದಾಮಿ ಎಲೆ ಕೆಂಪಾಗಿ ಉದುರುತ್ತೆ, ಅದೇ ಹೊತ್ತಿಗೆ ದೂರದ ಕಬ್ಬಕ್ಕಿಗಳು ನಮ್ಮೂರಿಗೆ ಬಂದಿಳಿಯುತ್ತವೆ.